ಮಾವನ ಮನೆ ಕೊನೆಗೆ ಬರುವ ದಾರಿ

ಸೈಕಲ್ ತುಳಿಯುವುದಕ್ಕೂ ಒಂದು ಶಾಸ್ತ್ರವಿದೆ, ಅದು ಮದುವೆಯ ಶಾಸ್ತ್ರಕ್ಕಿಂತ ಒಂದು ಕೈ ಮೇಲು ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ನನಗೆ ಇಪ್ಪತ್ತೊಂದು ವರ್ಷ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಶಿಕಾರಿಪುರದ ಪಕ್ಕದ ಹಳ್ಳಿಯಲ್ಲಿ ನಮ್ಮ ಮನೆ. ಪ್ರೈಮರಿ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಇದೆಲ್ಲಕ್ಕಿಂತ ಮುಖ್ಯವಾದ ಸಂಗತಿ ಎಂದರೆ ನನ್ನ ಹತ್ತಿರ ಸ್ವಂತದ್ದೊಂದು ಸೈಕಲ್ ಇತ್ತು.

ವರ್ಗವಾಗಿ ಹೋಗುತ್ತಿದ್ದ ಯಾರೋ ಅಧಿಕಾರಿಯೊಬ್ಬರು ಬಿಟ್ಟುಹೋದ ಕರಿ ಸೈಕಲ್ ಅದು. ಎರಡು ಬ್ರೇಕಿನಲ್ಲಿ ಒಂದು ಮಾತ್ರ ಹಿಡಿಯುತ್ತಿತ್ತು, ಅದೂ ತನಗೆ ಮನಸ್ಸು ಬಂದಾಗ. ಬೆಲ್ಲು ಮಾತ್ರ ಊರಿಗೇ ಕೇಳುವಂಥದ್ದು. ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಅದನ್ನು ಕಬ್ಬಿಣದ ಕತ್ತೆ ಎನ್ನುತ್ತಿದ್ದಳು. ಭಾನುವಾರ ನಾನು ಅದಕ್ಕೆ ಎಣ್ಣೆ ಹಚ್ಚಿ ಒರೆಸುವುದನ್ನು ನೋಡಿ, "ಎತ್ತಿನ ಮೈ ಇಷ್ಟು ತಿಕ್ಕಿದ್ರೆ ಇನ್ನೊಂದು ಸಾಲು ಹೆಚ್ಚು ಉಳ್ತಿತ್ತು" ಎಂದು ಕುಟುಕುತ್ತಿದ್ದಳು.

ನನ್ನ ಸೈಕಲ್ ಶಾಸ್ತ್ರದಲ್ಲಿ ಮೂರೇ ಸೂತ್ರ. ಏರು ಮೊದಲು, ಇಳಿಜಾರು ಆಮೇಲೆ. ಬೆಳಗಿನ ಗಾಳಿ ಬೆನ್ನಿಗಿರಬೇಕು. ಚೆಂದದ ದಾರಿಯನ್ನು ಕೊನೆಗೆ ಉಳಿಸಿಕೊಳ್ಳಬೇಕು, ಊಟದೆಲೆಯಲ್ಲಿ ಹೋಳಿಗೆಯನ್ನು ಉಳಿಸಿಕೊಳ್ಳುವ ಹಾಗೆ. ಶಾಲೆಯ ಹೆಡ್‌ಮಾಸ್ತರರಿಗೂ ಇದನ್ನು ಹೇಳಿದ್ದೆ. ಅವರು ನಡೆದೇ ಓಡಾಡುವವರಾದ್ದರಿಂದ ಸುಮ್ಮನೆ ತಲೆಯಾಡಿಸಿದ್ದರು.

ಆ ವರ್ಷ ಮಾಘದಲ್ಲಿ ಅಕ್ಕನ ಮದುವೆ ನಿಶ್ಚಯವಾಯಿತು. ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಅವ್ವ ತೀರಿಕೊಂಡು ಎಂಟು ವರ್ಷವಾಗಿತ್ತು. ಅಂದಿನಿಂದ ಒಲೆಯ ಮುಂದೆ ಅವಳೇ ಇದ್ದುದರಿಂದ ಅವಳನ್ನು ಕಳಿಸಿಕೊಡುವ ಮಾತನ್ನು ಮನೆಯಲ್ಲಿ ಯಾರೂ ಬೇಗ ಎತ್ತಿರಲಿಲ್ಲ. ಎತ್ತಿದ ಮೇಲೆ ಮಾತ್ರ ಎಲ್ಲವೂ ದಡಬಡ ನಡೆಯಿತು. ಫಾಲ್ಗುಣದಲ್ಲಿ ಮುಹೂರ್ತ, ನಮ್ಮ ಮನೆಯ ಅಂಗಳದಲ್ಲೇ ಚಪ್ಪರ. ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಅಕ್ಕ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಾ ತನ್ನ ಹೆಸರನ್ನು ಕಳ್ಳತನದಲ್ಲಿ ಓದಿಕೊಳ್ಳುತ್ತಿದ್ದಳು.

ನಮ್ಮ ಕಡೆ ಪತ್ರಿಕೆಯನ್ನು ಅಂಚೆಗೆ ಹಾಕಿದರೆ ಕರೆದ ಹಾಗಾಗುವುದಿಲ್ಲ. ಮನೆಯ ಗಂಡಸು ಖುದ್ದಾಗಿ ಹೋಗಬೇಕು, ಹೊಸ್ತಿಲು ದಾಟಿ ಒಳಗೆ ಕೂರಬೇಕು, ಎಲೆ ಅಡಿಕೆಯ ಜೊತೆ ಪತ್ರಿಕೆ ಕೊಟ್ಟು "ಮನೆಮಂದಿಯೆಲ್ಲ ಬರಬೇಕು" ಎಂದು ಬಾಯಿಬಿಟ್ಟು ಹೇಳಬೇಕು, ಅವರು ಕೊಟ್ಟದ್ದನ್ನು ತಿನ್ನಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಹತ್ತು ವರ್ಷ ಅದೇ ಮಾತು. ಅಪ್ಪನಿಗೆ ಮಂಡಿನೋವು. ಹಾಗಾಗಿ ದೂರದ ನೆಂಟರನ್ನು ಕರೆಯುವ ಕೆಲಸ ನನ್ನ ಹೆಗಲಿಗೆ, ಅಂದರೆ ನನ್ನ ಸೈಕಲ್ಲಿನ ಹೆಗಲಿಗೆ ಬಿತ್ತು. ಶಾಲೆಗೆ ಎರಡು ದಿನ ರಜೆ ಹಾಕಿದೆ. ಬೇಸರವೇನೂ ಆಗಲಿಲ್ಲ, ಒಳಗೊಳಗೇ ಹಿಗ್ಗಿದ್ದೆ.

ಹೊರಡುವ ಮುಂಜಾನೆ ಅಜ್ಜಿ ಪತ್ರಿಕೆಯ ಚೀಲವನ್ನು ಕೊರಳಿಗೆ ಹಾಕುತ್ತಾ ಹೇಳಿದಳು. "ಮೊದಲ್ನೇದು ದೇವ್ರ ಮುಂದೆ ಇಟ್ಟಾತು. ಎರಡ್ನೇದು ಅಂಜನಾಪುರಕ್ಕೆ, ನಿಮ್ಮ ಮಾವನ ಮನಿಗೆ. ಅದಾದ ಮ್ಯಾಲೆ ನೀನು ಕಾಶಿಗೆ ಬೇಕಾರೂ ಹೋಗು."

ಮಾವ ಎಂದರೆ ಅವ್ವನ ಅಣ್ಣ. ಮುಹೂರ್ತದ ಹೊತ್ತಿಗೆ ಮದುಮಗಳನ್ನು ಒಳಮನೆಯಿಂದ ಮಂಟಪಕ್ಕೆ ಎತ್ತಿಕೊಂಡು ಬರುವವರು ಸೋದರಮಾವ. ಆ ಕೆಲಸವನ್ನು ಬೇರೆ ಯಾರೂ ಮಾಡುವಂತಿಲ್ಲ. ಅವ್ವ ಇಲ್ಲದ ಮದುವೆಯಲ್ಲಿ ಅವ್ವನ ಕಡೆಯಿಂದ ನಿಲ್ಲುವುದಕ್ಕೆ ಇದ್ದವರು ಅವರೊಬ್ಬರೇ. ಮೊದಲೆಲ್ಲ ಹಬ್ಬಕ್ಕೊಮ್ಮೆ ಗಾಡಿ ಕಟ್ಟಿಕೊಂಡು ಬಂದು ತಂಗಿಯನ್ನು ಕರೆದೊಯ್ಯುತ್ತಿದ್ದವರು, ಅವ್ವ ಹೋದಮೇಲೆ ಬರುವುದೇ ಅಪರೂಪವಾಗಿತ್ತು. ಜಗಳವೇನೂ ಆಗಿರಲಿಲ್ಲ. ಗಾಡಿ ಹೂಡಲು ಕಾರಣವಿರಲಿಲ್ಲ, ಅಷ್ಟೆ. ಆದ್ದರಿಂದಲೇ ಅಕ್ಕ, ನಾನು ಸೈಕಲ್ ಹತ್ತುವಾಗ ಬಾಗಿಲಿಗೆ ಬಂದು, "ಮಾವನ್ನ ಸರಿಯಾಗಿ ಕರ್ದು ಬಾರಪ್ಪ, ಅವ್ರು ಬಂದೇ ಬರ್ಬೇಕು" ಎಂದಳು. ನಾನು ಬೆಲ್ ಬಾರಿಸಿ ಆಗಲಿ ಎಂದೆ.

ಈಗ ದಾರಿಯ ವಿಚಾರ ಹೇಳಬೇಕು. ನಾನು ಕರೆಯಬೇಕಾದ ಮನೆಗಳು ಒಂದು ದೊಡ್ಡ ಸುತ್ತಿನ ಮೇಲಿದ್ದವು. ನಮ್ಮೂರಿಂದ ಶಿರಾಳಕೊಪ್ಪದ ರಸ್ತೆ ಹಿಡಿದು ಸೊರಬ, ಅಲ್ಲಿಂದ ಕುಪ್ಪಗಡ್ಡೆ, ಹೊಸಬಾಳೆ, ಮತ್ತೆ ಗಾಡಿದಾರಿಗಳಲ್ಲಿ ಒಳಗೊಳಗೇ ಬಂದು ಅಂಜನಾಪುರ, ಅಲ್ಲಿಂದ ಚಾನಲ್ ಏರಿಯ, ಅಂದರೆ ಕಾಲುವೆಯ ದಂಡೆಯ ಮೇಲೆ ಐದು ಮೈಲಿ ಬಂದರೆ ಮನೆ. ಮಾವನ ಮನೆ ಎಲ್ಲಕ್ಕಿಂತ ಹತ್ತಿರದ್ದು. ಅಜ್ಜಿ ಹೇಳಿದಂತೆ ಅಲ್ಲಿಂದಲೇ ಶುರುಮಾಡಿದರೆ ಸುತ್ತು ತಿರುವುಮುರುವಾಗುತ್ತಿತ್ತು. ಚಾನಲ್ ಏರಿಯನ್ನು ಮೇಲ್ಮುಖವಾಗಿ ತುಳಿಯಬೇಕು. ಶಿರಾಳಕೊಪ್ಪದ ಜಲ್ಲಿ ರಸ್ತೆಯನ್ನು ಕೊನೆಯಲ್ಲಿ, ಎದುರುಗಾಳಿಯಲ್ಲಿ, ಸೋತ ಕಾಲಿನಲ್ಲಿ ದಾಟಬೇಕು. ನನ್ನ ಮೂರು ಸೂತ್ರಗಳೂ ಒಂದೇ ಏಟಿಗೆ ಮಣ್ಣುಪಾಲು!

ಅಂಜನಾಪುರದ ಡ್ಯಾಮಿನಿಂದ ಕುಮುದ್ವತಿಯ ಕಣಿವೆಯ ಅಂಚಿನಲ್ಲಿ ಇಳಿದುಬರುವ ಆ ಚಾನಲ್ ಏರಿಯಂಥ ದಾರಿ ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಹಸಿರು ಗದ್ದೆ. ಕಣ್ಣಿಗೆ ಸಮತಟ್ಟಾಗಿ ಕಾಣುತ್ತದೆ, ಕಾಲಿಗೆ ಮಾತ್ರ ಇಳಿಜಾರು ಗೊತ್ತಾಗುತ್ತದೆ. ಪೆಡಲ್ ಮೇಲೆ ಸುಮ್ಮನೆ ಪಾದ ಇಟ್ಟುಕೊಂಡರೂ ಸೈಕಲ್ ತಾನಾಗಿ ಮನೆಗೆ ಹೋಗುತ್ತದೆ. ಅಂಥದ್ದನ್ನು ಬೆಳಿಗ್ಗೆಯೇ, ಅದೂ ಉಲ್ಟಾ ತುಳಿದು ಹಾಳುಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮೊದಲು ಕರೆದರೇನು, ಕೊನೆಗೆ ಕರೆದರೇನು, ಮಾವನಿಗೆ ಮೊದಲು ನಿಮ್ಮ ಮನೆಗೇ ಬಂದೆ ಎಂದು ಹೇಳಿದರಾಯಿತು ಎಂದುಕೊಂಡು, ಅಜ್ಜಿ ಒಳಗೆ ಹೋಗುವವರೆಗೆ ಕಾದು, ಊರ ಬಾಗಿಲಲ್ಲಿ ಹ್ಯಾಂಡಲನ್ನು ಶಿರಾಳಕೊಪ್ಪದ ಕಡೆ ತಿರುಗಿಸಿದೆ.

ಆ ಬೆಳಗಿನ ಸುಖವನ್ನು ಸುಳ್ಳೆನ್ನಲಾರೆ. ಮೂಡಣದ ಗಾಳಿ ಬೆನ್ನಿಗೆ ಕೈಯಿಟ್ಟು ದೂಡುತ್ತಿತ್ತು. ಕೊಯ್ಲಾದ ಗದ್ದೆಗಳಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಜಲ್ಲಿ ರಸ್ತೆಯಲ್ಲಿ ಹಲ್ಲು ಕಟಕಟ ಎಂದರೂ ಎದುರಿಗೆ ಬಂದ ಗಾಡಿಗಳವರೆಲ್ಲ ನನ್ನ ಬೆಲ್ ಕೇಳಿ ಗಾಡಿ ಪಕ್ಕಕ್ಕೆ ತೆಗೆದರು. ದಾರಿಯುದ್ದಕ್ಕೂ ನೆಂಟರ ಮನೆ. ಮೊದಲ ಮನೆಯಲ್ಲಿ ಅವಲಕ್ಕಿ, ಎರಡನೆಯದರಲ್ಲಿ ಅವಲಕ್ಕಿ, ಮೂರನೆಯದರಲ್ಲಿ ಉಪ್ಪಿಟ್ಟು ಎಂದು ಆಸೆ ತೋರಿಸಿ ಅದರ ಮೇಲೆ ಅವಲಕ್ಕಿ. ಬೇಡ ಎಂದರೆ, "ಬಡವ್ರ ಮನಿ ಅಂತ ಬ್ಯಾಡಾತೇನಪ್ಪ?" ಎನ್ನುತ್ತಾರೆ. ತಿಂದಮೇಲೆ ಎಲೆ ಅಡಿಕೆ. ಅದಕ್ಕೂ ಇಲ್ಲ ಎನ್ನುವಂತಿಲ್ಲ. ಎಲೆ ಹಾಕಿ ಅಭ್ಯಾಸವೇ ಇಲ್ಲದ ನನ್ನ ಬಾಯಿ ಸೊರಬ ಮುಟ್ಟುವ ಹೊತ್ತಿಗೆ ಕೆಂಪಗೆ ರಂಗೇರಿತ್ತು.

ಸಂಜೆಗೆ ಕುಪ್ಪಗಡ್ಡೆ. ಅಲ್ಲಿ ಅಪ್ಪನ ದಾಯಾದಿ ಅಣ್ಣನ ಮನೆ. ನನಗೆ ದೊಡ್ಡಪ್ಪ. ಆಲೆಮನೆಯ ಕಾಲವಾದ್ದರಿಂದ ಅವರು ಕೊಪ್ಪರಿಗೆಯ ಮುಂದೆ ಬೆವರು ಸುರಿಸುತ್ತಾ ನಿಂತಿದ್ದರು. ನನ್ನನ್ನು ನೋಡಿ, "ಎಂತ ಮಾರಾಯ, ಅಷ್ಟು ದೂರದಿಂದ ಸೈಕಲ್ ತುಳ್ಕಂಡ್ ಬಂದ್ಯನ? ಬಾ ಬಾ, ಮೊದ್ಲು ಕಬ್ಬಿನ ಹಾಲು ಕುಡಿ" ಎಂದರು. ಮೂರು ಲೋಟ ಕುಡಿಸಿದರು. ಮಾರನೆಯ ಬೆಳಿಗ್ಗೆ ಹೊರಡುವಾಗ ಒಂದು ದೊಡ್ಡ ಡಬ್ಬದ ತುಂಬ ಪಾಕದಂತೆ ಹರಿಯುವ ಹೊಸ ಜೋನಿ ಬೆಲ್ಲ ಬಗ್ಗಿಸಿ, ಅಡಿಕೆ ಹಾಳೆಯ ಮುಚ್ಚಳ ಕೂರಿಸಿ, ಬಾಳೆನಾರಿನಲ್ಲಿ ಬಿಗಿದು ಕ್ಯಾರಿಯರಿಗೆ ಕಟ್ಟಿದರು.

"ಮದ್ವೆ ಮನೆಗೆ ನಮ್ಮದೊಂದು ಇರ್ಲಿ. ನಿಮ್ ಕಡೆ ಬರೀ ಅಚ್ಚು ಬೆಲ್ಲ. ಇದ್ರ ರುಚಿ ಅಲ್ಲಿ ಯಾರಿಗ್ ಗೊತ್ತು?" ಎಂದರು.

"ದೊಡ್ಡಪ್ಪ, ಚೆಲ್ಲಲ್ವಾ?" ಎಂದೆ.

"ಹಾಳೆ ಮುಚ್ಚಳ ಹಾಕಿದ್ ಡಬ್ಬ ಚೆಲ್ಲಿದ್ದು ನಾ ಹುಟ್ಟಿದ್ ಮೇಲೆ ಕಂಡಿಲ್ಲ ಹೋಗಾ" ಎಂದರು. ಅವರು ಹುಟ್ಟಿದ ಮೇಲೆ ಸೈಕಲ್ ಹತ್ತಿರಲಿಲ್ಲ.

ಹೊಸಬಾಳೆಯಲ್ಲಿ ಅಜ್ಜಿಯ ತವರಿನವರು. ಅಲ್ಲಿ ಅವಲಕ್ಕಿ ಕೊಡಲಿಲ್ಲ, ಅದಕ್ಕಾಗಿ ಇಂದಿಗೂ ಋಣಿ. ಬಿಸಿ ರೊಟ್ಟಿ, ಬೆಣ್ಣೆ ಕೊಟ್ಟು, ಹೊರಡುವಾಗ ನೀರಿನ ಕೊಡದಷ್ಟು ಗಾತ್ರದ ಕುಂಬಳಕಾಯಿಯೊಂದನ್ನು ಹಗ್ಗದ ಉಯ್ಯಾಲೆಯಲ್ಲಿ ಹ್ಯಾಂಡಲಿಗೆ ನೇತುಹಾಕಿದರು. ಮೂಗಿಗಿಂತ ಮೂಗುತಿ ಭಾರ ಎಂಬಂತಾಯಿತು ನನ್ನ ಸೈಕಲ್ಲಿನ ಅವಸ್ಥೆ. ಮುಂದೆ ಕುಂಬಳ ಎಡಕ್ಕೆ ಎಳೆಯುತ್ತದೆ, ಹಿಂದೆ ಬೆಲ್ಲ ಬಲಕ್ಕೆ ತೊನೆಯುತ್ತದೆ, ನಡುವೆ ಎರಡು ದಿನದ ಅವಲಕ್ಕಿ ಹೊತ್ತ ಮೇಷ್ಟರು. ಆದರೂ ಹಾಡಿಕೊಂಡೇ ಹೋದೆ. ಮರದ ನೆರಳಿನ ಗಾಡಿದಾರಿಗಳು, ನಡುವೆ ಹಳ್ಳಗಳು, ಹಳ್ಳದಲ್ಲಿ ಮುಳುಗಿ ಮೂಗು ಮಾತ್ರ ತೋರಿಸುವ ಎಮ್ಮೆಗಳು. ದಾರಿ ಕೇಳಿದರೆ "ಸೀದಾ ಹೋಗಿ" ಎಂದು ಕೈಯನ್ನು ಮಾತ್ರ ಎರಡು ಸಲ ತಿರುಗಿಸಿ ತೋರಿಸುವ ಜನ. ಈ ಸುತ್ತನ್ನು ವರ್ಷಕ್ಕೊಮ್ಮೆಯಾದರೂ ಹೊಡೆಯಬೇಕು ಎಂದು ತೀರ್ಮಾನಿಸಿಬಿಟ್ಟೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಡ್ಯಾಮಿನ ನೀರು ಕಂಡಿತು. ಚೀಲಕ್ಕೆ ಕೈ ಹಾಕಿ ನೋಡಿದೆ. ಒಂದೇ ಪತ್ರಿಕೆ ಉಳಿದಿತ್ತು. ಮಾವನ ಹೆಸರಿನದು.

ಮಾವ ಜಗಲಿಯ ಮೇಲೆ ಕೂತಿದ್ದರು. ಬಿಳಿ ಪಂಚೆ, ಒಗೆದ ಅಂಗಿ, ಹೆಗಲ ಮೇಲೆ ವಲ್ಲಿ. ಬೇಸಿಗೆ ಬೆಳೆಗೆ ನೀರು ಬಿಟ್ಟ ದಿನಗಳಲ್ಲಿ ಆ ಹೊತ್ತಿನಲ್ಲಿ ಅವರು ಜಗಲಿಯ ಮೇಲೆ ಇರುವವರೇ ಅಲ್ಲ. ಊರಲ್ಲಿ ಚಾನಲ್ ನೀರಿನ ಪಾಳಿ ಹೇಳುತ್ತಿದ್ದವರು ಅವರು. ಯಾರ ಗದ್ದೆಗೆ ಮೊದಲು, ಯಾರಿಗೆ ಆಮೇಲೆ, ಎಷ್ಟು ಹೊತ್ತು ಎಂದು ಅವರು ಹೇಳಿದರೆ ಮುಗಿಯಿತು, ಗುದ್ದಲಿ ಎತ್ತಿದವರೂ ಕೆಳಗಿಡುತ್ತಿದ್ದರು. ತನ್ನ ಗದ್ದೆಗೆ ಒಂದು ಗಳಿಗೆ ಹೆಚ್ಚು ನೀರು ಬಿಟ್ಟುಕೊಂಡವರಲ್ಲ. ಅಂಥವರು ನನ್ನನ್ನು ನೋಡಿ ಎದ್ದು ನಿಂತರು. ಮುಖ ಅರಳಿತ್ತು.

"ಬಂದ್ಯೇನೋ? ಬಾ. ಎಲ್ಲಿಂದ ಬಂದಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುಂಬಳಕಾಯಿಯನ್ನೇ ಮುಟ್ಟಿ ನೋಡಿಕೊಂಡೆ. "ಮನಿಂದ ಮಾವ. ಸೀದಾ ಮನಿಂದ. ಮೊದಲ್ನೇ ಪತ್ರಿಕೆ ನಿಮಗೇ" ಎಂದೆ.

ಮಾವ ನನ್ನ ಬಾಯಿ ನೋಡಿದರು. ಎರಡು ದಿನ ಒಂದೊಂದು ಮನೆಯ ಎಲೆ ಅಡಿಕೆ ತಿಂದು ಕೆಂಪಾದ ತುಟಿ ನೋಡಿದರು. ಆಮೇಲೆ ಅವರ ದೃಷ್ಟಿ ನನ್ನ ಹಿಂದಕ್ಕೆ ಹೋಯಿತು. ನಾನೂ ತಿರುಗಿದೆ. ಹಾಳೆಯ ಮುಚ್ಚಳ ಯಾವಾಗಲೋ ಸಡಿಲಿ, ಜೋನಿ ಬೆಲ್ಲ ಡಬ್ಬದ ಮೈಮೇಲಿಂದ ಇಳಿದು, ಮಡ್‌ಗಾರ್ಡ್ ದಾಟಿ, ಚಕ್ರದ ಕಡ್ಡಿಗಳಿಗೆ ಹಿಡಿದು, ಅಂಗಳದ ಸಗಣಿ ಸಾರಿಸಿದ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ನೊಣಗಳ ದಿಬ್ಬಣವೇ ಜೊತೆಗೆ ಬಂದಿತ್ತು.

"ಜೋನಿ ಬೆಲ್ಲ" ಎಂದರು ಮಾವ. "ಕುಪ್ಪಗಡ್ಡಿದು. ಅಲ್ಲೇನೋ?"

ನಾನು ಹಾಳೆಯ ಮುಚ್ಚಳವನ್ನು ಒತ್ತಿ ಕೂರಿಸಲು ನೋಡಿದೆ.

"ಕುಂಬಳಕಾಯಿ ಹೊಸಬಾಳಿದಿರ್ಬೇಕು."

ಸುಳ್ಳಾಡುವವನಿಗೆ ಜಾಣತನ ಬೇಕು, ನನ್ನ ಹತ್ತಿರ ಇದ್ದದ್ದು ಸೈಕಲ್ ಮಾತ್ರ. ಚೀಲದಿಂದ ಎಲೆ ಅಡಿಕೆ, ಪತ್ರಿಕೆ ತೆಗೆದು ಎರಡೂ ಕೈಯಲ್ಲಿ ಚಾಚಿದೆ. ಖಾಲಿ ಚೀಲ ಕೊರಳಲ್ಲಿ ಜೋತುಬಿತ್ತು. ಅದನ್ನೂ ಅವರು ನೋಡಿದರು. ಅರಳಿದ್ದ ಮುಖ ನನ್ನ ಕಣ್ಣೆದುರಿಗೇ ಮುಚ್ಚಿಕೊಂಡಿತು.

"ಯಾಕೋ ಹಂಗೆ ಮಾಡಿದಿ?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

"ಚಾನಲ್ ಏರಿ ಮ್ಯಾಲೆ ಇಳ್ಕಂಡು ಹೋಗ್ಬೋದು ಅಂತ ಮಾವ. ಈ ಕಡಿಂದ ಬಂದ್ರೆ ಗಾಳಿನೂ ಎದುರಿಗೆ ಬರಲ್ಲ..." ನನ್ನ ಮಹಾಶಾಸ್ತ್ರ ನನ್ನ ಬಾಯಿಂದಲೇ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಅರ್ಧಕ್ಕೇ ನಿಲ್ಲಿಸಿದೆ.

"ನೀರಿಗೇ ಒಂದು ಪಾಳಿ ಐತೆ. ಕರಿಯೋಕೆ ಇಲ್ಲೇನು?" ಎಂದರು. "ಪತ್ರಿಕಿ ಒಳಗಿಟ್ಕೋ. ಊಟ ಮಾಡು, ಹಸಿದು ಬಂದಿರ್ತಿ. ಉಂಡು, ಪತ್ರಿಕಿ ವಾಪಸ್ ತಗೊಂಡು ಹೋಗು."

ಉಂಡೆ. ಮಾವ ಎದುರಿಗೇ ಕೂತು ತಾವೂ ಉಂಡರು, ನನ್ನ ತಟ್ಟೆಗೆ ಎರಡು ಸಲ ತುಪ್ಪ ಹಾಕಿಸಿದರು, ನನ್ನ ಮುಖ ಮಾತ್ರ ನೋಡಲಿಲ್ಲ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವರ ಹೆಂಡತಿ, ನನ್ನ ಅತ್ತೆ, ನೀರು ಹನಿಸುತ್ತಾ ಪಿಸುಗುಟ್ಟಿದರು. "ಪತ್ರಿಕಿ ಅಚ್ಚಾಗಿ ಬಂದಾವೆ ಅಂತ ಸಂತಿಯಾಗೆ ಯಾರೋ ಹೇಳಿದ್ರಂತಪ್ಪ. ನಿನ್ನೆ ಬೆಳಿಗ್ಗಿಂದ ಹಿಂಗೇ ಮಡಿ ಪಂಚೆ ಉಟ್ಕಂಡು ಜಗಲಿ ಮ್ಯಾಲೆ ಕೂತಾರೆ. ನಿನ್ನೆ ನಮ್ಮ ಗದ್ದಿಗೆ ನೀರಿನ ಪಾಳಿ ಇತ್ತು, ಪಕ್ಕದೋರಿಗೆ ಬಿಟ್ಟುಕೊಟ್ರು. ಕರಿಯೋಕೆ ಬಂದಾಗ ಮನಿಯಾಗೆ ಇರ್ಬೇಕು ಅಂತ."

ಬೇಸಿಗೆಯಲ್ಲಿ ಒಂದು ಪಾಳಿಯ ನೀರು ಬಿಟ್ಟುಕೊಡುವುದು ಎಂದರೆ ಏನು ಎಂದು ಆ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಹೇಳಬೇಕಾಗಿಲ್ಲ. ನಾನು ಮನೆಯಿಂದ ಹೊರಟದ್ದೂ ನಿನ್ನೆ ಬೆಳಿಗ್ಗೆಯೇ. ಗಾಳಿ ಬೆನ್ನಿಗಿದೆ ಎಂದು ಹಿಗ್ಗುತ್ತಾ ಶಿರಾಳಕೊಪ್ಪದ ಕಡೆ ಬೆಲ್ ಬಾರಿಸುತ್ತಿದ್ದ ಹೊತ್ತಿಗೆ ಮಾವ ಇಲ್ಲಿ ಕೂತು ಏರಿಯ ಕಡೆ ನೋಡುತ್ತಿದ್ದರು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಎರಡು ದಿನ ಕಾದಿಟ್ಟುಕೊಂಡಿದ್ದ ಚಾನಲ್ ಏರಿಯ ಮೇಲೆ ಇಳಿದೆ. ಸೈಕಲ್ ತಾನಾಗಿ ಓಡಿತು. ಬಿಸಿಲು ನೀರಿನ ಮೇಲೆ ಹೊಳೆಯುತ್ತಿತ್ತು, ಕೆಳಗೆ ಕೊಕ್ಕರೆಗಳು ಸಾಲಾಗಿ ನಿಂತಿದ್ದವು, ಎಲ್ಲ ನಾನು ಅಂದುಕೊಂಡ ಹಾಗೇ ಇತ್ತು. ಐದು ಮೈಲಿಯಲ್ಲಿ ಒಂದು ಗಳಿಗೆಯೂ ಸುಖ ಅನ್ನಿಸಲಿಲ್ಲ. ಮನೆ ಬೇಗ ಬರುತ್ತದಲ್ಲ ಎಂದು ಬ್ರೇಕ್ ಒತ್ತಿದರೆ, ಆ ದಿನ ಅದಕ್ಕೆ ಮನಸ್ಸು ಬರಲಿಲ್ಲ.

ಅಂಗಳದಲ್ಲಿ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು. ಕುಂಬಳಕಾಯಿ ನೋಡಿ ನಕ್ಕಳು, ಸೈಕಲ್ಲಿಗೆ ಮೆತ್ತಿದ ಬೆಲ್ಲ ನೋಡಿ ಇನ್ನೂ ನಕ್ಕಳು. ಆಮೇಲೆ, "ಮಾವ ಏನಂದ್ರು? ಯಾವಾಗ ಬರ್ತಾರಂತೆ?" ಎಂದು ಕೇಳಿದಳು. ನಾನು ಚೀಲದಿಂದ ಪತ್ರಿಕೆ ತೆಗೆದು ತೋರಿಸಿದೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ.

ಅಜ್ಜಿ ಒಳಗಿಂದಲೇ ಕೇಳಿಸಿಕೊಂಡಳು. "ಮನೆಗೆ ಮಾರಿ, ಊರಿಗೆ ಉಪಕಾರಿ! ಊರೆಲ್ಲ ಕರ್ದು ಬಂದಾನಂತೆ, ಹೆತ್ತವ್ವನ ತವರು ಬಿಟ್ಟು. ಆ ಕಬ್ಬಿಣದ ಕತ್ತೆನ ನಾಳೆನೇ ಬಾವಿಗೆ ಹಾಕ್ತೀನಿ ನೋಡು" ಎಂದು ಶುರುಮಾಡಿದವಳು ದೀಪ ಹಚ್ಚುವವರೆಗೂ ನಿಲ್ಲಿಸಲಿಲ್ಲ. ಅಪ್ಪ ತಲೆ ಮೇಲೆ ಕೈಹೊತ್ತು ಕೂತ. ಅಕ್ಕ ಮಾತ್ರ ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಹತ್ತಿರ ಬಂದು ಹೇಳಿದಳು. "ಮಾವ ಬರ್ಲಿಲ್ಲ ಅಂದ್ರೆ ನಾನು ಒಳಮನಿಂದ ಹೊರಗೆ ಕಾಲಿಡಲ್ಲ. ಯಾರು ಬಂದು ಎತ್ತಿದ್ರೂ ಬರಲ್ಲ. ಮುಹೂರ್ತ ಮೀರಿದ್ರೆ ಮೀರ್ಲಿ." ಅಕ್ಕ ಹಟ ಮಾಡುವವಳಲ್ಲ. ಅದಕ್ಕೇ ಹೆದರಿಕೆಯಾಯಿತು.

ಮಾರನೆಯ ಬೆಳಿಗ್ಗೆ, ಅದು ಭಾನುವಾರ, ಅಜ್ಜಿ ಹೊಸ ಪತ್ರಿಕೆಯೊಂದನ್ನು ದೇವರ ಮುಂದಿಟ್ಟು ಕೈಮುಗಿದು ಕೊಟ್ಟಳು. ಹಳೆಯದು ಎರಡು ದಿನ ಊರೂರು ಸುತ್ತಿದ್ದು, ಅದು ಆಗುವುದಿಲ್ಲ ಎಂದಳು. ನಾನು ಮಾತಿಲ್ಲದೆ ಸೈಕಲ್ ಹತ್ತಿ ಚಾನಲ್ ಏರಿಗೆ ಬಂದೆ. ಏರು, ಎದುರುಗಾಳಿ, ರಾತ್ರಿ ನಿದ್ದೆಯಿಲ್ಲದ ಕಾಲು. ಮಾವ ಮತ್ತೆ ಬೇಡ ಎಂದರೆ? ಅವರ ಕಾಲು ಹಿಡಿಯುವುದು ಎಂದು ನಿಶ್ಚಯಿಸಿದ್ದೆ. ಅದಕ್ಕೂ ಬಗ್ಗದಿದ್ದರೆ ಮುಂದೇನು ಎಂಬುದು ಹೊಳೆದಿರಲಿಲ್ಲ.

ಎರಡು ಮೈಲಿ ಹೋಗಿರಬೇಕು. ಎದುರಿಗೆ ಏರಿಯ ಮೇಲೆ ಯಾರೋ ಕೊಡೆ ಊರಿಕೊಂಡು ಬಿರುಸಾಗಿ ನಡೆದು ಬರುತ್ತಿದ್ದರು. ಮಾವ! ನಾನು ಗಾಬರಿಯಲ್ಲಿ ಇಳಿದ ರಭಸಕ್ಕೆ ಸೈಕಲ್ ಚಾನಲ್ಲಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

"ಎಲ್ಲಿಗೆ ಹೊಂಟಿ?" ಎಂದರು.

"ನಿಮ್ಮ ಮನಿಗೆ ಮಾವ. ಕರಿಯೋಕೆ. ನೀವು?"

"ನಿಮ್ಮ ಮನಿಗೆ" ಎಂದರು ಮಾವ, ಬೇರೆ ಕಡೆ ನೋಡುತ್ತಾ. "ಸಿಟ್ಟು ನಿನ್ನ ಮ್ಯಾಲೆ. ಆ ಹುಡುಗಿ ಏನು ಮಾಡ್ಯಾಳೆ? ಪತ್ರಿಕಿ ವಾಪಸ್ ಬಂದಿದ್ದು ನೋಡಿ ಆಕಿ ಅತ್ತಿರ್ತಾಳೆ ಅಂತ ನಿದ್ದಿನೇ ಹತ್ತಲಿಲ್ಲ. ಕರೀದಿದ್ರೂ ಬರ್ತೀನಿ, ಚಿಂತಿ ಮಾಡ್ಬ್ಯಾಡ ಅಂತ ಹೇಳಿ ಬರೋಣ ಅಂತ ಹೊಂಟೆ."

ಅಲ್ಲೇ, ಆ ಏರಿಯ ಮೇಲೆಯೇ ಅವರ ಕಾಲು ಮುಟ್ಟಿ, ಚೀಲಕ್ಕೆ ಕೈ ಹಾಕಿದೆ. ಮಾವ ಹಿಂದಕ್ಕೆ ಸರಿದರು.

"ಏಯ್, ಇಲ್ಲಿ ಬ್ಯಾಡ! ದಾರಿಯಾಗೆ ಕೊಡೋಕೆ ಅದೇನು ಮಂಡಕ್ಕಿ ಪೊಟ್ಟಣನೇನು? ಹೊಸ್ತಿಲ ಒಳಗೆ ಬಂದು ಕೊಡ್ಬೇಕು."

"ಹಂಗಾರೆ... ನಿಮ್ಮ ಮನಿಗೆ ವಾಪಸ್ ಹೋಗೋಣ್ವಾ ಮಾವ?"

ಅವರು ಏರಿಯ ಹಿಂದೆ ಮುಂದೆ ನೋಡಿದರು. ನಮ್ಮ ಮನೆಗೆ ಎರಡು ಮೈಲಿ, ಅವರ ಮನೆಗೆ ಮೂರು. "ಹ್ಞೂಂ. ಮತ್ತೇನು ಮಾಡೋದು" ಎಂದು ಕೊಡೆ ಮಡಿಚಿ ಕ್ಯಾರಿಯರ್ ಮೇಲೆ ಕೂತರು. "ತುಳಿ."

ಮಾವ ಹಗುರದ ಆಳಲ್ಲ. ಕರೆಯಬೇಕಾದವರನ್ನು ಕರೆಯುವುದಕ್ಕಾಗಿ ಅವರದೇ ಮನೆಗೆ ಹೊತ್ತುಕೊಂಡು ಹೋದವನು ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಕ್ಯಾರಿಯರಿನಲ್ಲಿ ಬೆಲ್ಲದ ಅಂಟು ಇನ್ನೂ ಪೂರ್ತಿ ಹೋಗಿರಲಿಲ್ಲ. ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ, ಗೊತ್ತಾದರೂ ಅವರು ಹೇಳಲಿಲ್ಲ. ಹಿಂದಿನಿಂದ, "ಗುಂಡಿ ಐತೆ ನೋಡು", "ಬೆಲ್ ಯಾಕೆ ಬಾರಿಸ್ತಿ, ಇಲ್ಲಿ ಯಾರಿದಾರೆ", "ಉಸಿರು ಹಿಡ್ಕಂಡು ತುಳಿ" ಎಂದು ಸಲಹೆ ಕೊಡುತ್ತಲೇ ಇದ್ದರು. ಗದ್ದೆಯಲ್ಲಿದ್ದವರು ನೆಟ್ಟಗಾಗಿ ನಿಂತು ನೋಡಿದರು. ಒಬ್ಬ ಕೂಗಿ ಕೇಳಿದ, "ಎಲ್ಲಿಗ್ರೀ ಗೌಡ್ರೇ ಸವಾರಿ?" ಮಾವ, "ಮನಿಗೆ ನೆಂಟರು ಬರ್ತಾರೆ, ಅದಕ್ಕೆ" ಎಂದು ಗಂಭೀರವಾಗಿ ಹೇಳಿದರು. ನಾನು ಬೆವರಿ ನೀರಾಗಿದ್ದೆ, ತೊಡೆ ನಡುಗುತ್ತಿತ್ತು. ಆದರೂ ಅಷ್ಟು ಸಂತೋಷದಿಂದ ನಾನು ಆಮೇಲೆ ಯಾವ ಇಳಿಜಾರಿನಲ್ಲೂ ಸೈಕಲ್ ಹೊಡೆದಿಲ್ಲ.

ಮನೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಮಾವ ಧುಮುಕಿದರು. "ನೀನು ಇಲ್ಲೇ ನಿಲ್ಲು. ನಾನು ಒಳಗೆ ಹೋಗ್ತೀನಿ. ಆಮ್ಯಾಲೆ ಬಾ" ಎಂದು ಪಂಚೆ ಸರಿಮಾಡಿಕೊಂಡು ಹೋದರು. ನಾನು ಬೇಲಿಯ ಪಕ್ಕ ನಿಂತು ಮುಖ ಒರೆಸಿಕೊಂಡು, ಬೇಕಾದಷ್ಟು ಹೊತ್ತು ಬಿಟ್ಟು ಅಂಗಳಕ್ಕೆ ಬಂದೆ.

"ಮಾವ, ಇದೀರಾ?" ಎಂದು ಕೂಗಿದೆ.

"ಯಾರದು? ಓಹೋ, ಬರ್ರಿ, ಒಳಗೆ ಬರ್ರಿ" ಎಂದು ಮಾವ ಬಾಗಿಲಿಗೆ ಬಂದರು. ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲೇ ಕರೆದವರು. ಅದು ನನಗೆ ಕೊಟ್ಟ ಮರ್ಯಾದೆಯಲ್ಲ, ಕರೆಯಲು ಬಂದವನಿಗೆ ಕೊಟ್ಟದ್ದು ಎಂದು ಗೊತ್ತಿದ್ದರೂ ಮೈ ಜುಮ್ಮೆಂದಿತು. ಚಾಪೆ ಹಾಸಿದ್ದರು. ಕೂತೆ. ಎಲೆ ಅಡಿಕೆಯ ಮೇಲೆ ಪತ್ರಿಕೆ ಇಟ್ಟು, ಎರಡೂ ಕೈಯಲ್ಲಿ ಚಾಚಿ, "ಅಕ್ಕನ ಮದುವೆ. ನೀವು ಬಂದು ನಡೆಸಿಕೊಡಬೇಕು" ಎಂದೆ.

ಮಾವ ತಗೊಂಡರು. ಪತ್ರಿಕೆಯನ್ನು ಕಣ್ಣಿಗೆ ಒತ್ತಿಕೊಂಡವರು ಬಹಳ ಹೊತ್ತು ಹಾಗೇ ಒತ್ತಿಕೊಂಡಿದ್ದರು. ಒಳಗಿಂದ ಅತ್ತೆ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದು, "ಇದೇನ್ರೀ, ಈಗಷ್ಟೇ ಹೋದ್ರಲ್ಲ! ಯಾರು ಬಂದಾರೆ?" ಎಂದು ಕೇಳಿದರು.

ಮಾವ ಪತ್ರಿಕೆಯಿಂದ ಮುಖ ಎತ್ತಲಿಲ್ಲ. "ತಂಗಿ ಮನಿಂದ ಕರಿಯೋಕೆ ಬಂದಾರೆ" ಎಂದರು.

ಅವ್ವ ಹೋದಮೇಲೆ ನಮ್ಮ ಮನೆಯನ್ನು ಹಾಗೆ ಕರೆದದ್ದನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ತಲೆ ತಗ್ಗಿಸಿಕೊಂಡು ಅಲ್ಲೇ ಚಾಪೆಯ ಮೇಲೆ ಅತ್ತುಬಿಟ್ಟೆ.